ಬೂದು ತಿಮಿಂಗಿಲದ ದೇಹಲಕ್ಷಣ

ಅಮರಕೋಶದ ವಾರಿವರ್ಗವು ತಿಮಿ, ತಿಮಿಂಗಿಲಗಳನ್ನು ಮತ್ಸ್ಯಗಳ ಸಾಲಿನಲ್ಲಿ ಎಣಿಸಿದೆ. ಆದರೆ ಉತ್ತರ ಪೆಸಿಫಿಕ್ ಸಾಗರದ ಬೂದು ತಿಮಿಂಗಿಲದ ಶರೀರವನ್ನು ಪರಿಶೀಲಿಸಿದರೆ ಅದು ಮತ್ಸ್ಯವಲ್ಲವೆಂಬುದು ಸ್ಪಷ್ಟವಾಗುವುದು. ಸುಮಾರು 13ರಿಂದ 15 ಮೀಟರು ಉದ್ದದ ಈ ಪ್ರಾಣಿಯು ಶ್ವಾಸಕೋಶದಿಂದ ಉಸಿರಾಡುತ್ತದೆ. ನೆತ್ತಿಯಲ್ಲಿ ಎರಡು ಶ್ವಾಸರಂಧ್ರಗಳುಂಟು. ಮರಿಯನ್ನು ಹೆತ್ತು ಮೊಲೆಯೂಡಿಸುತ್ತದೆ. ಬಾಲದ ಹರಹು ಮೀನಿನದರಂತೆ ನೆಟ್ಟಗಿರದೆ ಅಡ್ಡಲಾಗಿದೆ. ಬೆನ್ನಮೇಲೆ ಈಜುರೆಕ್ಕೆಯಿಲ್ಲ, ತಗ್ಗಾದ ಗೂನೊಂದೂ ಅದರ ಹಿಂದೆ ಬೆರಳ ಗೆಣ್ಣುಗಳಂತಹ ಉಬ್ಬುಗಳ ಸಾಲೂ ಇವೆ. ಬಾಯಲ್ಲಿ ಹಲ್ಲುಗಳಿಗೆ ಬದಲಾಗಿ ಮೇಲ್ದವಡೆಯಿಂದ ಇಳಿಬಿದ್ದ, ಹಳದಿ ಛಾಯೆಯ ಫಲಕಗಳು ಒಂದೊಂದು ಪಕ್ಕಕ್ಕೂ 130ರಿಂದ 180ರವರೆಗೆ ಇರುತ್ತವೆ. ಕಡಲತಳದ ಕೆಸರನ್ನು ಹೀರಿ, ಇವುಗಳಿಂದ ಸೋಸಿ, ಕ್ಷುದ್ರಜಂತುಗಳನ್ನು ನುಂಗುತ್ತದೆ. ಮೈಮೇಲಿನ ಬಿಳಿಯ ಮಚ್ಚೆಗಳಲ್ಲಿ ಅನೇಕವು ಅಂಟಿ ಬೆಳೆದ ಚಿಪ್ಪುಜೀವಿಗಳು ಉಳಿಸಿದ ಕಲೆಗಳು. ಪ್ರಾಚೀನ ಕಾವ್ಯದಲ್ಲಿ ತಿಮಿಂಗಿಲ ಶಬ್ದಕ್ಕೆ ಮಹಾಮತ್ಸ್ಯವೆಂಬ ಅರ್ಥವೇ ನಿಲ್ಲಲಿ. ಈ ಪ್ರಾಣಿಯನ್ನು ಕುರಿತು ಹೇಳುವಲ್ಲಿ ಮಾತ್ರ ಅದು ಸಸ್ತನಿಯೆಂದು ಬೋಧಿಸುವುದೇ ಯುಕ್ತವು.