ದೂರವಿದ್ದರೂ ಹೊಣೆ ತಪ್ಪದು

2020ರ ಲಾಕ್‌ಡೌನ್ ಬೆಂಗಳೂರಿನ ಕಚೇರಿಗಳನ್ನು ಮನೆಮನೆಗೆ ಕಳುಹಿಸಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನಂತಹ ಊರಿನಲ್ಲಿಯೂ ಲ್ಯಾಪ್‌ಟಾಪ್ ಮುಂದೆ ಕುಳಿತು ದೂರದ ಕಂಪನಿಗೆ ದುಡಿಯಬಹುದೆಂಬುದು ಸಿದ್ಧವಾಯಿತು. ಮನೆಬಾಡಿಗೆಯ ಭಾರ ತಪ್ಪಿತು, ತಂದೆತಾಯಿಯರ ಸಾಮೀಪ್ಯ ದೊರೆಯಿತು. ಆದರೆ ಈ ದುಡಿಮೆಗೆ ತನ್ನದೇ ಆದ ಅತೃಪ್ತಿಯೂ ಉಂಟು. ಕೆಲಸಕ್ಕೆ ಆರಂಭವಿದೆ, ಮುಕ್ತಾಯವಿಲ್ಲ. ಉಣ್ಣುವ ಹೊತ್ತಿನಲ್ಲಿ ಕರೆ ಬರುತ್ತದೆ. ಮಾಡಿದ್ದು ಯಾರ ಕಣ್ಣಿಗೂ ಬೀಳದು. ಬಿಟ್ಟದ್ದು ಮಾತ್ರ ಕೂಡಲೇ ಕಾಣುತ್ತದೆ. ಇಂತಹವರನ್ನು ತೃಪ್ತಿಯಿಂದ ಉಳಿಸಿಕೊಳ್ಳುವ ಬಗೆ ಹೇಗೆಂದು ಯಜಮಾನರು ಉಪಾಯಗಳನ್ನು ಹುಡುಕುತ್ತಿದ್ದಾರೆ. ಶ್ರಾವಕನಿಗಾದರೋ ಇದು ವ್ರತದ ಪ್ರಶ್ನೆ.

ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು ಮೊದಲ ಮೂರು. ನಾಲ್ಕನೆಯದು ಅತಿಭಾರಾರೋಪಣ, ಅಂದರೆ ಶಕ್ತಿಮೀರಿ ಹೊರೆ ಹೇರುವುದು. ಐದನೆಯದು ಅನ್ನಪಾನನಿರೋಧ, ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ಮಾಡುವುದು. ಭತ್ತದ ಚೀಲ ಹೆಚ್ಚಾದರೆ ಎತ್ತಿನ ಬಾಯಲ್ಲಿ ನೊರೆ ಬರುವುದನ್ನು ಬಂಡಿಯ ಪಕ್ಕದಲ್ಲಿರುವ ರೈತನು ಕಾಣುತ್ತಾನೆ. ದೂರದಲ್ಲಿ ದುಡಿಯುವವನ ಏದುಸಿರು ಯಜಮಾನನಿಗೆ ಕಾಣದು. ಕಾಣದಿರುವುದರಿಂದಲೇ ಕೇಳಿ ತಿಳಿಯುವ ಹೊಣೆ ಹೆಚ್ಚುತ್ತದೆ. ರಾತ್ರಿ 11 ಗಂಟೆಗೆ ಕಳುಹಿಸಿದ ಆದೇಶವೂ ಹೊರೆಯೇ; ಊಟದ ಹೊತ್ತನ್ನು ನುಂಗುವ ಸಭೆಯೂ ಅನ್ನಪಾನನಿರೋಧವೇ.

ದೂರದಿಂದ ಕೆಲಸ ಮಾಡಿಸುವುದರ ಸೂಕ್ಷ್ಮವನ್ನು ದೇಶವ್ರತವು ಇನ್ನೂ ಚೆನ್ನಾಗಿ ತಿಳಿಸುತ್ತದೆ. ಇಷ್ಟು ಕಾಲ ಇಷ್ಟು ಪ್ರದೇಶದಾಚೆ ವ್ಯವಹರಿಸೆನೆಂಬ ನಿಯಮವೇ ದೇಶವ್ರತ. ತಾನು ಎಲ್ಲೆಯೊಳಗೇ ಕುಳಿತು ಆಚೆಯ ವಸ್ತುವನ್ನು ತರಿಸುವುದು, ಆಳನ್ನು ಕಳುಹಿಸುವುದು, ಧ್ವನಿ ಮಾಡುವುದು, ರೂಪ ತೋರುವುದು, ಕಲ್ಲು ಎಸೆದು ಗಮನ ಸೆಳೆಯುವುದು ಇದರ ಅತಿಚಾರಗಳು. ದೇಹ ಇಲ್ಲಿದ್ದರೂ ದನಿ ಮತ್ತು ರೂಪಗಳು ಅಲ್ಲಿ ಕೆಲಸ ಮಾಡಿಸುತ್ತವೆಂಬುದನ್ನು ಆಚಾರ್ಯರು ಬಲ್ಲರು. ಫೋನ್ ಕರೆ, ವಿಡಿಯೊ ಸಭೆಗಳ ಈ ಕಾಲಕ್ಕೆ ಬೇರೆ ವ್ಯಾಖ್ಯಾನ ಬೇಕೆ? ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು, ಕೃತ, ಕಾರಿತ, ಅನುಮೋದನೆಗಳೆಂಬ ಈ ಮೂರರಿಂದಲೂ ಕರ್ಮಾಸ್ರವ ಉಂಟು. ಅಂತರವು ಕಾರಿತದ ಹೊಣೆಯನ್ನು ಕರಗಿಸದು. ಅದೇ ವ್ರತವು ಪರಿಹಾರವನ್ನೂ ಸೂಚಿಸುತ್ತದೆ: ಕಾಲಕ್ಕೂ ಆದೇಶಕ್ಕೂ ಎಲ್ಲೆಯನ್ನು ಯಜಮಾನನೇ ಮೊದಲು ಹಾಕಿಕೊಳ್ಳಬೇಕು.

ದೂರದವರೊಡನೆ ಮಾತನಾಡುವ ಬಗೆಗೆ ಈ ನಾಡಿನಲ್ಲಿಯೇ ಹಳೆಯ ಮಾದರಿಯೊಂದಿದೆ. ಸಿಂಧನೂರಿಗೆ ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು, ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲದೆ ಚಿಕ್ಕವರಿಗೂ ಸಾಧ್ಯವೆಂದು ಸಾರುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಹಾರೈಸಿ, ಬಳಿಕ ಆಜ್ಞೆಯನ್ನು ತಿಳಿಸುತ್ತಾರೆ. ಅಶೋಕನು ಒಲಿದುದು ಬೌದ್ಧ ಧರ್ಮಕ್ಕೆ. ಆದರೆ ಕ್ಷೇಮ ಕೇಳಿದ ಮೇಲೆ ಕೆಲಸ ಹೇಳುವ ಈ ಕ್ರಮವನ್ನು ಯಾವ ಧರ್ಮದವರೂ ಕಲಿಯಬಹುದು.

ದುಡಿಯುವವನಿಗೂ ವ್ರತವುಂಟು. ಕೊಡುವಾಗ ಕಿರಿಯ ಅಳತೆ, ಕೊಳ್ಳುವಾಗ ಹಿರಿಯ ಅಳತೆ ಬಳಸುವುದು ಅಚೌರ್ಯದ ಅತಿಚಾರ. ಯಾರೂ ನೋಡುತ್ತಿಲ್ಲವೆಂದು ಕೆಲಸದ ಗಂಟೆಗಳನ್ನು ಕದಿಯುವವನೂ, 8 ಗಂಟೆಯ ಸಂಬಳಕ್ಕೆ 11 ಗಂಟೆ ದುಡಿಸುವವನೂ ಹಿಡಿದಿರುವುದು ಒಂದೇ ಸುಳ್ಳು ಸೇರು. ಅಳತೆ ಎರಡೂ ಕಡೆ ನೇರವಾದಲ್ಲಿ ಕಾವಲಿನ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಶ್ರಾವಕರು ದೂರದ ಬಂಧುಮಿತ್ರರಿಗೂ ಕ್ಷಮೆ ಯಾಚಿಸಿ ಸಂದೇಶ ಕಳುಹಿಸುತ್ತಾರೆ. ಆ ಪಟ್ಟಿಯಲ್ಲಿ ತನಗಾಗಿ ದೂರದೂರಿನಲ್ಲಿ ಕುಳಿತು ದುಡಿಯುವವನ ಹೆಸರೂ ಇರಲಿ. ವರ್ಷವಿಡೀ ಆದೇಶ ಹೊತ್ತು ಹೋದ ಅದೇ ಫೋನು ಅಂದು ಕ್ಷಮೆಯನ್ನೂ ಹೊತ್ತು ಹೋಗಲಿ.