ಯಜಮಾನ ತೀರಿದ ಮೇಲೆ ಬಂದ ಹಣ: ವಸೂಲಿ ನೋಟೀಸಿಗೆ ಉತ್ತರವೇನು?

ಮನೆಯ ಯಜಮಾನ ತೀರಿಕೊಂಡನೆಂದು ಹೊಲದ ಕೆಲಸ ನಿಲ್ಲುವದಿಲ್ಲ. ಜೋಳ ಬಿತ್ತುವ ಹದ ಯಾರಿಗೂ ಕಾಯುವದಿಲ್ಲ. ಅದೇ ರೀತಿ ಆತನ ಬ್ಯಾಂಕ್ ಖಾತೆಗೆ ಸರಕಾರದ ಹಣವೂ ಕೆಲವು ಸಲ ಬರುತ್ತಲೇ ಇರುವದು. ಮರಣದ ಸುದ್ದಿ ಊರಿಗೆಲ್ಲ ಗೊತ್ತಿದ್ದರೂ ಕಚೇರಿಯ ಕಾಗದಕ್ಕೆ ಗೊತ್ತಾಗಿರುವದಿಲ್ಲ. ವರುಷವೋ ಎರಡು ವರುಷವೋ ಕಳೆದ ಮೇಲೆ, ಹೆಚ್ಚಿಗೆ ಸಂದಾಯವಾದ ಹಣವನ್ನು ತಿರುಗಿ ಕಟ್ಟಬೇಕೆಂದು ನೋಟೀಸು ಬರುವದು. ಅದೂ ಮರಾಠಿಯಲ್ಲಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಇದು ಬರಗಾಲದಲ್ಲಿ ಅಧಿಕಮಾಸವೇ ಸರಿ.

ಇಂಥ ನೋಟೀಸಿಗೆ ಹೆದರಿ ಕೇಳಿದಷ್ಟು ಕಟ್ಟುವದೂ ತಪ್ಪು, ಅದನ್ನು ಗೂಡಿನಲ್ಲಿ ಸಿಕ್ಕಿಸಿ ಮರೆಯುವದೂ ತಪ್ಪು. ತಾರೀಖು ಹಿಡಿದು ಲೆಕ್ಕ ಕೇಳುವದೇ ಸರಿಯಾದ ದಾರಿಯೆಂದು ನಾವು ನಮ್ಮ ಅಕ್ಕತಂಗಿಯರಿಗೂ ಅವರ ಮಕ್ಕಳಿಗೂ ಹೇಳಬಯಸುತ್ತೇವೆ.

ಹೆಚ್ಚಳ ಆಗುವದು ಹೇಗೆ?

ನಮ್ಮ ರೈತರ ಮನೆಗಳಲ್ಲಿ ಈ ತೊಡಕು ಹೆಚ್ಚಾಗಿ ಪಿಎಂ ಕಿಸಾನ್ ಹಣದಿಂದ ಹುಟ್ಟುವದು. 2019ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವರುಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತುಗಳಲ್ಲಿ ಬರುವದು. ಮಹಾರಾಷ್ಟ್ರ ಸರಕಾರವು 2023ರಿಂದ ತನ್ನ ‘ನಮೋ ಶೇತಕರಿ’ ಯೋಜನೆಯ ಹಣವನ್ನೂ ಇದರ ಜೊತೆಗೆ ಕೊಡುತ್ತಿದೆ. ಗಂಡ ತೀರಿದ ಮೇಲೆ ಆತನ ಹೆಸರಿನ ಕಂತು ತಾನಾಗಿಯೇ ಹೆಂಡತಿಗೆ ತಿರುಗುವದಿಲ್ಲ. ಆತನ ಹೆಸರು ಕಡಿಮೆಯಾಗಬೇಕು, ಹೊಲ ವಾರಸುದಾರರ ಹೆಸರಿಗೆ ಆಗಬೇಕು, ಆಕೆ ಹೊಸದಾಗಿ ಅರ್ಜಿ ಕೊಡಬೇಕು. 1-2-2019ರ ನಂತರ ಹೊಲ ಹೆಸರಿಗೆ ಆದವರಿಗೆ ಈ ಯೋಜನೆ ಇಲ್ಲವೆಂಬ ನಿಯಮವಿದ್ದರೂ, ಮರಣದಿಂದ ವಾರಸಾ ಹಕ್ಕಾಗಿ ಬಂದ ಹೊಲಕ್ಕೆ ಅದು ಅಡ್ಡ ಬರುವದಿಲ್ಲ.

ಇಷ್ಟೆಲ್ಲ ಮಾಡದೆ, ತೀರಿದವನ ಎಟಿಎಂ ಕಾರ್ಡಿನಿಂದ ಮಗನೋ ಮೈದುನನೋ ಹಣ ತೆಗೆಯುತ್ತ ಹೋಗುವ ರೂಢಿ ಹಲವು ಕಡೆ ಇದೆ. ಅದು ನಮ್ಮ ಹಣವಲ್ಲ. ಗೊತ್ತಿದ್ದೂ ತೆಗೆದರೆ ಮೋಸವೆಂಬ ಆರೋಪಕ್ಕೂ ದಾರಿಯಾಗುವದು.

ತಾರೀಖಿನ ಲೆಕ್ಕ

ಒಂದು ಉದಾಹರಣೆ ನೋಡೋಣ. ಒಬ್ಬ ರೈತ 10-7-2024ರಂದು ತೀರಿಕೊಂಡನೆಂದು ಎಣಿಸಿರಿ. ಹದಿನೇಳನೆಯ ಕಂತು ಬಿಡುಗಡೆಯಾದದ್ದು 18-6-2024ಕ್ಕೆ. ಆಗ ಆತ ಜೀವಂತನಿದ್ದ. ಹದಿನೆಂಟನೆಯದು 5-10-2024ಕ್ಕೆ, ಹತ್ತೊಂಬತ್ತನೆಯದು 24-2-2025ಕ್ಕೆ ಬಂದವು. ಹೀಗಾಗಿ ಮರಣಾನಂತರ ಬಂದದ್ದು 4,000 ರೂಪಾಯಿ. ನೋಟೀಸಿನಲ್ಲಿ 6,000 ಎಂದಿದ್ದರೆ ಉಳಿದ 2,000 ಯಾವುದರದೆಂದು ಕೇಳುವ ಹಕ್ಕು ನಿಮಗಿದೆ. ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲಿ ತುಂಬಿಸಿಕೊಂಡು, ಮರಣದ ದಾಖಲೆಯ ಪಕ್ಕಕ್ಕಿಟ್ಟು ಓದಿದರೆ ಸಾಕು, ಅರ್ಧ ಜಗಳ ಅಲ್ಲಿಯೇ ಮುಗಿಯುವದು. ಹಣ ಖಾತೆಯಲ್ಲಿಯೇ ಇದೆಯೋ, ಯಾರಾದರೂ ತೆಗೆದಿದ್ದಾರೆಯೋ ಎಂಬುದೂ ಅದರಿಂದ ತಿಳಿಯುವದು. ತೆಗೆದವರು ಬೇರೆಯಾಗಿದ್ದರೆ ಆ ಮಾತನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಋಣ ಯಾರ ತಲೆಗೆ?

ತಪ್ಪಿನಿಂದ ಬಂದ ಹಣವನ್ನು ಪಡೆದವರು ತಿರುಗಿ ಕೊಡಬೇಕೆಂದು 1872ರ ಕರಾರು ಕಾಯಿದೆಯ 72ನೆಯ ಕಲಮು ಹೇಳುವದು. ಇದು ಸರಕಾರದ ಪಕ್ಷದ ಬಲ. ಆದರೆ ಗಂಡ ಬದುಕಿದ್ದಾಗಲೇ ಅರ್ಹತೆಯಿಲ್ಲದೆ ಪಡೆದಿದ್ದನೆಂಬ ತಕರಾರು ಬೇರೆ. ಅದು ಆತನ ಋಣ. ದಿವಾಣಿ ವ್ಯವಹಾರ ಸಂಹಿತೆಯ 50ನೆಯ ಕಲಮಿನಂತೆ, ತೀರಿದವನ ಆಸ್ತಿ ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವರು ಹೊಣೆ. ಹೆಂಡತಿಯ ಸ್ವಂತ ಗಳಿಕೆ ಅದಕ್ಕೆ ಹೊಣೆಯಲ್ಲ. ಆದುದರಿಂದ ನೋಟೀಸು ಮರಣದ ಹಿಂದಿನದೋ ಮುಂದಿನದೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ನೌಕರಿಯವರ ಮನೆಯಲ್ಲಿ

ರೈಲ್ವೆಯಲ್ಲಿ ದುಡಿದು ನಿವೃತ್ತರಾದವರ ಮನೆಗಳೂ ನಮ್ಮ ಹಳ್ಳಿಗಳಲ್ಲಿವೆ. ಕೇಂದ್ರದ ನಿಯಮದಂತೆ, ನಿವೃತ್ತನಾದವನು ಬೇಗನೆ ತೀರಿದರೆ ಹೆಂಡತಿಗೆ ಮೊದಲು ಹೆಚ್ಚಿನ ದರದ ಕುಟುಂಬ ಪಿಂಚಣಿ ಸಿಗುವದು. ಅದು ಏಳು ವರುಷದವರೆಗೆ ಅಥವಾ ಆತನಿದ್ದಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ. ಬಳಿಕ ಕೊನೆಯ ಮೂಲ ವೇತನದ ಶೇಕಡಾ 30ಕ್ಕೆ ಇಳಿಯಬೇಕು. ಬ್ಯಾಂಕು ಇಳಿಸಲು ಮರೆತರೆ ಹೆಚ್ಚಳ ಬೆಳೆಯುತ್ತ ಹೋಗಿ, ಒಂದು ದಿನ ಪಿಂಚಣಿಯಲ್ಲಿಯೇ ಮುರಿದುಕೊಳ್ಳತೊಡಗುವರು.

ಕೆಳದರ್ಜೆಯ ನೌಕರರಿಂದಲೂ ನಿವೃತ್ತರಿಂದಲೂ, ಐದು ವರುಷಕ್ಕೂ ಮೇಲ್ಪಟ್ಟು ನಡೆದ ಸಂದಾಯವನ್ನೂ ಹೀಗೆ ವಸೂಲು ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. ಕೇರಳದ ನಿವೃತ್ತ ಶಿಕ್ಷಕರೊಬ್ಬರ ಖಟ್ಲೆಯಲ್ಲಿ, ಮೋಸವಿಲ್ಲದೆ ಕಚೇರಿಯ ತಪ್ಪಿನಿಂದ ಹೋದ ಹಣವನ್ನು ಮರಳಿ ಕೇಳಬಾರದೆಂದು 2022ರಲ್ಲಿ ತೀರ್ಪು ಕೊಟ್ಟಿತು. ಹೆಚ್ಚಿಗೆ ಬಂದರೆ ತಿರುಗಿ ಕೊಡುವೆನೆಂದು ಬರೆದುಕೊಟ್ಟವರು ತಪ್ಪಿಸಿಕೊಳ್ಳಲಾರರೆಂದು 2016ರ ತೀರ್ಪೂ ಇದೆ. ಆದುದರಿಂದ ಬ್ಯಾಂಕಿನಲ್ಲಿ ಏನು ಬರೆದುಕೊಟ್ಟಿದೆಯೆಂದು ನೋಡಿಕೊಳ್ಳಿರಿ. ಈ ತೀರ್ಪುಗಳು ನೌಕರರ ಸಂಬಂಧದವು. ಕಿಸಾನ್ ಹಣಕ್ಕೆ ತಾವಾಗಿ ಹೊಂದುವದಿಲ್ಲ.

ಕನ್ನಡದಲ್ಲಿಯೇ ಬರೆಯಿರಿ

ಓದಲಾರದ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ತನ್ನ ದೂರನ್ನು ಅಧಿಕಾರಿಗೆ ಬರೆದುಕೊಳ್ಳುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ. ಅಕ್ಕಲಕೋಟೆ, ಜತ್ತಗಳಲ್ಲಿರಲಿ, ಕಾಸರಗೋಡು, ತಾಳವಾಡಿಗಳಲ್ಲಿರಲಿ, ಕನ್ನಡದ ಅರ್ಜಿ ಅರ್ಜಿಯೇ. ಕೆಲಸ ಬೇಗನೆ ಆಗಲೆಂದು ಅಲ್ಲಿಯ ಭಾಷೆಯ ಪ್ರತಿಯೊಂದನ್ನು ಜೊತೆಗಿಟ್ಟರೆ ಒಳ್ಳೆಯದು. ಕಂತುವಾರು ಲೆಕ್ಕ ಕೊಡಿರಿ, ಯಾವ ನಿಯಮದಂತೆ ಕೇಳುತ್ತಿರುವಿರೆಂದು ತಿಳಿಸಿರಿ, ಕೊಡಬೇಕಾದದ್ದನ್ನು ಸಣ್ಣ ಕಂತುಗಳಲ್ಲಿ ತುಂಬಲು ಒಪ್ಪಿಗೆ ಕೊಡಿರಿ ಎಂದು ಅದರಲ್ಲಿ ಕೇಳಬೇಕು. ಅರ್ಜಿಯ ನಕಲಿನ ಮೇಲೆ ಕಚೇರಿಯ ಶಿಕ್ಕೆ ಹಾಕಿಸಿಕೊಳ್ಳಬೇಕು. ಹಣವನ್ನು ದಲಾಲನ ಕೈಗೆ ಕೊಡದೆ ಸರಕಾರದ ಖಾತೆಗೇ ತುಂಬಿ ಪಾವತಿ ಪಡೆಯಬೇಕು.

ವಕೀಲರ ಖರ್ಚಿಗೆ ಅಂಜಬೇಕಿಲ್ಲ. 1987ರ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ.

ಮೊದಲ ಮೂರು ತಿಂಗಳು

ಮರಣವನ್ನು 21 ದಿನಗಳೊಳಗೆ ನೋಂದಿಸಿರಿ. ವರುಷ ದಾಟಿದರೆ ಮ್ಯಾಜಿಸ್ಟ್ರೇಟರ ಹುಕುಮು ಬೇಕಾಗುವದು. ಮಹಾರಾಷ್ಟ್ರದಲ್ಲಿ ಮೂರು ತಿಂಗಳೊಳಗೆ ತಲಾಠಿಗೆ ವಾರಸಾ ವರದಿ ಕೊಟ್ಟು, ಸಾತಬಾರಾ ಉತಾರದಲ್ಲಿ ಹೆಂಡತಿಯ ಹೆಸರೂ ಬಂದಿದೆಯೋ ಎಂದು ನೋಡಿರಿ. ಗಂಡುಮಕ್ಕಳ ಹೆಸರಷ್ಟೇ ಸಾಲದು. ಬ್ಯಾಂಕಿಗೂ ಕೃಷಿ ಕಚೇರಿಗೂ ಬರವಣಿಗೆಯಲ್ಲಿ ತಿಳಿಸಿರಿ. ಆಮೇಲೆ ಬಂದ ಕಂತನ್ನು ಮುಟ್ಟಬೇಡಿರಿ.

ಆಕೆಗೆ ಬರಬೇಕಾದದ್ದನ್ನೂ ಕೇಳಿರಿ. ಬಡತನದ ರೇಖೆಯ ಕೆಳಗಿನ ಮನೆಯಲ್ಲಿ ದುಡಿಯುವವನು 18ರಿಂದ 59ರೊಳಗೆ ತೀರಿದರೆ ರಾಷ್ಟ್ರೀಯ ಕುಟುಂಬ ನೆರವಿನಿಂದ 20,000 ರೂಪಾಯಿ ಸಿಗುವದು. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಯೋಜನೆಯಲ್ಲಿ ಬಡ ವಿಧವೆಯರಿಗೆ ತಿಂಗಳ ಸಹಾಯವಿದೆ. ನಾಲ್ಕು ಸಾವಿರದ ನೋಟೀಸಿಗೆ ಕಣ್ಣೀರು ಹಾಕುವ ಎಷ್ಟೋ ತಾಯಂದಿರು ಈ ಇಪ್ಪತ್ತು ಸಾವಿರಕ್ಕೆ ಅರ್ಜಿಯನ್ನೇ ಹಾಕಿರುವದಿಲ್ಲ. ಓದುಬರಹ ಬಲ್ಲ ನಮ್ಮ ತರುಣರು ನೆರೆಮನೆಯ ಇಂಥ ಕಾಗದವೊಂದನ್ನು ಓದಿ ಹೇಳಿ, ಅರ್ಜಿಯೊಂದನ್ನು ಬರೆದುಕೊಟ್ಟರೆ ಒಂದು ಮನೆಯ ಬಿತ್ತನೆಯ ಬೀಜ ಉಳಿಯುವದು.