‘ಪ್ಲಾನು’ ಎಂಬ ಮಾತು

ಮನೆ ಕಟ್ಟಿಸುವವರು ಪ್ಲಾನು ಬರೆಸುತ್ತಾರೆ. ಮಗಳ ಮದುವೆಗೆ ತಾಯಿ ಪ್ಲಾನು ಹಾಕುತ್ತಾಳೆ. ಸಾಲಗಾರನು ಕಣ್ಣಿಗೆ ಬೀಳದಿದ್ದರೆ ‘ಏನೋ ಪ್ಲಾನು ಮಾಡಿದ್ದಾನೆ’ ಎನ್ನುತ್ತೇವೆ. ಮೊದಲನೆಯದು ನಕ್ಷೆ, ಎರಡನೆಯದು ಏರ್ಪಾಟು, ಮೂರನೆಯದು ಹೂಟ. ಒಂದೇ ಮಾತು ಮೂರು ಕಡೆ ದುಡಿಯುತ್ತಿದೆ.

ಈ ಮಾತು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಸಮತಟ್ಟಾದ ಹಾಳೆಯ ಮೇಲೆ ಬರೆದ ಕಟ್ಟಡದ ನಕ್ಷೆ ಎಂಬುದು ಅದರ ಹಳೆಯ ಅರ್ಥ. ನಾವು ಅದಕ್ಕೆ ಪ್ರತಿಯಾಗಿ ಹಿಡಿದ ‘ಯೋಜನೆ’ಯ ಹುಟ್ಟು ಬೇರೆ. ಸಂಸ್ಕೃತದ ‘ಯುಜ್’ ಎಂದರೆ ಕೂಡಿಸು, ಹೂಡು. ನಮ್ಮ ‘ಹೂಟ’ವೂ ಎತ್ತು ಹೂಡುವ ಕೆಲಸದಿಂದಲೇ ಬಂದದ್ದು. ಇಂಗ್ಲಿಷಿನವರ ಕಣ್ಣು ಹಾಳೆಯ ಮೇಲಿದ್ದರೆ ನಮ್ಮವರ ಕಣ್ಣು ನೊಗದ ಮೇಲಿತ್ತು.

ಇಂಗ್ಲಿಷಿನಲ್ಲಿ ಪ್ಲಾನು, ಪ್ರಾಜೆಕ್ಟು, ಸ್ಕೀಮು ಬೇರೆ ಬೇರೆ. ಮುಂದೆ ಮಾಡಬೇಕಾದುದನ್ನು ಗೊತ್ತುಮಾಡಿಕೊಳ್ಳುವುದು ಪ್ಲಾನು. 1951ರಲ್ಲಿ ಮೊದಲಾಗಿ 2017ರಲ್ಲಿ ಮುಗಿದ ಪಂಚವಾರ್ಷಿಕ ಯೋಜನೆಗಳು ಈ ಬಗೆಯವು. ಗೊತ್ತಾದ ಜಾಗದಲ್ಲಿ, ಗೊತ್ತಾದ ಗುರಿಗಾಗಿ ಕೈಗೊಂಡ ಕೆಲಸ ಪ್ರಾಜೆಕ್ಟು. ಇಂಥವರಿಗೆ ಇಷ್ಟು ಸಲ್ಲಬೇಕೆಂದು ನಿಯಮ ಕಟ್ಟಿದ ಏರ್ಪಾಟು ಸ್ಕೀಮು, ವೃದ್ಧಾಪ್ಯ ವೇತನದಂಥದು. ಕನ್ನಡದಲ್ಲಿ ಮೂರಕ್ಕೂ ‘ಯೋಜನೆ’ ಎಂಬ ಒಂದೇ ಹೆಸರು.

ಇದರಿಂದ ಏನು ತೊಡಕು ಎನ್ನಬಹುದು. ಹೆಗ್ಗಡದೇವನಕೋಟೆ ಸೀಮೆಯ ಎನ್. ಬೇಗೂರಿನ ಕಡೆ ನೋಡಿ. ಈ ಊರಿನ ಹೆಸರಿನದೇ ಒಂದು ವಲಯ ಬಂಡೀಪುರದ ಕಾಡಿನಲ್ಲಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಮರುವರ್ಷ, 1974ರಲ್ಲಿ, ಇದೇ ಸೀಮೆಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಕೆಳಗಿನ ಬಯಲಿಗೆ ನೀರು ಬಂತು; ಮೇಲಿನ ಹಳ್ಳಿಗಳೂ ಹೊಲಗಳೂ ನೀರಿನಡಿಗೆ ಹೋದವು. ಹುಲಿಗೆ ನೆಲೆ ಸಿಕ್ಕಿತು. ಜೇನುಕುರುಬ, ಕಾಡುಕುರುಬ ಕುಟುಂಬಗಳು ಕಾಡಿನೊಳಗಿನ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಹೀಗೆ ಹೊರಬಂದವರಿಗೆ ಮನೆ, ಜಮೀನು ಕೊಡುವ ಏರ್ಪಾಟಿಗೂ ‘ಯೋಜನೆ’ ಎಂದೇ ಹೆಸರು. ಮನೆ ಕೊಡುವುದೂ ಯೋಜನೆ, ಮನೆ ಬಿಡಿಸುವುದೂ ಯೋಜನೆ ಎಂದಾದರೆ, ಆ ಮಾತು ಕಿವಿಗೆ ಬಿದ್ದಾಗ ಹಳ್ಳಿಯವರು ಹಿಗ್ಗಬೇಕೋ ಹೆದರಬೇಕೋ?

ಆದುದರಿಂದ ಮಾತನ್ನು ಬಿಡಿಸಿ ಕೇಳುವುದು ಲೇಸು. ಇದು ಇನ್ನೂ ಹಾಳೆಯ ಮೇಲಿನ ನಕ್ಷೆಯೋ? ನಿಶ್ಚಯವಾದ ಕೆಲಸವೋ? ನಮಗೆ ಸಲ್ಲಬೇಕಾದ ಹಕ್ಕೋ? ನಕ್ಷೆಯಾದರೆ ತಿದ್ದಲು ಅವಕಾಶವುಂಟು. ಕೆಲಸವಾದರೆ ನಷ್ಟಕ್ಕೆ ಪರಿಹಾರ ಕೇಳಬೇಕು. ಹಕ್ಕಾದರೆ ಅರ್ಜಿ ಹಾಕಬೇಕು. 2006ರ ಅರಣ್ಯ ಹಕ್ಕು ಕಾಯಿದೆಯೂ ಇದಕ್ಕೆ ಬೆಂಬಲವಾಗಿದೆ: ವನ್ಯಜೀವಿಗಳ ನೆಲೆಯಿಂದ ಹಕ್ಕುದಾರರನ್ನು ಬೇರೆಡೆಗೆ ಕಳಿಸುವ ಮೊದಲು, ವಿಷಯವನ್ನು ತಿಳಿಸಿ, ಗ್ರಾಮಸಭೆಯ ಸ್ವತಂತ್ರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕೆಂದು ಅದು ಹೇಳುತ್ತದೆ.

ನೊಗ ಹೊರುವವರನ್ನು ಕೇಳದೆ ಹೂಡಿದ ಬಂಡಿ ಬಹುದೂರ ಹೋಗದು. ‘ಯೋಜನೆ’ ಎಂಬ ಮಾತಿನಲ್ಲಿಯೇ ಈ ವಿವೇಕ ಅಡಗಿದೆ.